ಮಾವನ ಮೀಟರ್ ಗೇಜು

ಮಾವ ಹೋದ್ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದ್ರು, "ಪಾಪ, ಮಾತೇ ಆಡ್ತಿರ್ಲಿಲ್ಲ ಕಣಮ್ಮ ಅವರು" ಅಂತ. ವೈಕುಂಠ ಸಮಾರಾಧನೆ ದಿನ ಊಟದ ಪಂಕ್ತಿಯಲ್ಲೂ ಅದೇ, ಬ್ಯಾಂಕಿನ ಹಳೇ ಕಲೀಗ್ಸ್ ಬಂದಾಗ್ಲೂ ಅದೇ. ಒಬ್ಬರಂತೂ ವರ್ಷಗಟ್ಲೆ ಪಕ್ಕದ ಟೇಬಲ್ಲಲ್ಲಿ ಕೂತಿದ್ದವರು, ಅವರಿಗೆ ಮಾವನ ಈ ಮಾಡೆಲ್ ಟ್ರೈನ್ ಮಾಡೋ ಹುಚ್ಚಿನ ವಿಷಯ ಗೊತ್ತೇ ಇರ್ಲಿಲ್ವಂತೆ, ರೂಮಿನ ಬಾಗ್ಲು ತೆಗ್ದು ತೋರ್ಸಿದ್ರೆ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಹಿಡ್ಕೊಂಡು ನಿಂತ್ಬಿಟ್ರು. ನಾನು ಎಲ್ಲರಿಗೂ ಹೂಂ ಅಂದೆ, ಆದ್ರೆ ಒಪ್ಪಿಗೆ ಇರ್ಲಿಲ್ಲ, ಯಾಕಂದ್ರೆ ನನ್ನ ಹತ್ರ ಮಾವ ಮಾತಾಡಿದಾರೆ, ಬೇಕಾದಷ್ಟು. ಕೇಳೋ ಪ್ರಶ್ನೆ ಸರಿಯಾಗಿರ್ಬೇಕಿತ್ತು ಅಷ್ಟೆ. "ಹೇಗಿದೀರ ಮಾವ" ಅಂದ್ರೆ "ಹೂಂ" ಅಂತ ಒಂದಕ್ಷರ. "ಮಾವ, ಈ ಹಳಿ ಯಾಕೆ ಅಂಗಡಿ ಹಳಿಗಿಂತ ಸಣ್ಣ ಇದೆ" ಅಂದ್ರೆ ಒಲೆ ಮೇಲಿನ ಹಾಲು ಉಕ್ಕಿದ್ರೂ ಮುಗೀತಿರ್ಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮನೆಯೆಲ್ಲ ತೋರ್ಸಿದ್ರು, ದೇವರ ಮನೆ, ಸ್ಟೋರ್ ರೂಮ್, ಹಿತ್ಲು, ಆಮೇಲೆ ಒಂದು ಮುಚ್ಚಿದ ಬಾಗ್ಲು ಮುಂದೆ ನಿಂತು "ಇದು ಇವರ ರೂಮು, ಒಳಗೆ ಏನನ್ನೂ ಮುಟ್ಬೇಡ, ಮುಟ್ಟಿದ್ರೆ ಏನೂ ಅನ್ನಲ್ಲ, ಅದಕ್ಕೇ ಮುಟ್ಬೇಡ" ಅಂದ್ರು. ಆವಾಗ ನಂಗೆ ಅರ್ಥ ಆಗ್ಲಿಲ್ಲ. ಒಳಗೆ ನೋಡಿದ್ರೆ ಆರಡಿ ಉದ್ದ ಮೂರಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೊಂದು ಊರು. ಅಂದ್ರೆ ಊರಲ್ಲ, ಒಂದು ಸಣ್ಣ ಸ್ಟೇಷನ್ನು ಅದರ ಸುತ್ತ ಕಾಡು. ಸ್ಟೇಷನ್ನಿನ ಹೆಂಚಿನ ಮಾಡಿಗೆ ಬಿಸ್ಕೆಟ್ ಪ್ಯಾಕೆಟ್ ಒಳಗೆ ಬರುತ್ತಲ್ಲ ಗೀರು ಗೀರಿನ ಕಾಗದ, ಅದನ್ನ ಕತ್ತರಿಸಿ ಕೆಂಪು ಬಣ್ಣ ಹೊಡ್ದಿದ್ರು. ಪಕ್ಕದ ಅಡಿಕೆ ಮರಗಳು ಪೊರಕೆ ಕಡ್ಡಿ. ಬೋಗಿಗಳು ಲಗ್ನಪತ್ರಿಕೆಯ ದಪ್ಪ ರಟ್ಟು, ತಿರುಗಿಸಿ ನೋಡಿದ್ರೆ ಯಾರದೋ ಮದುವೆ ಮುಹೂರ್ತ ಈಗ್ಲೂ ಓದ್ಬಹುದು. ನಮ್ಮ ಮದುವೆ ಪತ್ರಿಕೆ ಉಳಿದದ್ದೂ ಆಮೇಲೆ ಗಾರ್ಡ್ ಡಬ್ಬಿ ಆಯ್ತು.

ಆ ಸ್ಟೇಷನ್ ಅರಸಾಳು. ಶಿವಮೊಗ್ಗ ತಾಳಗುಪ್ಪ ಲೈನಲ್ಲಿ ಬರುತ್ತೆ, ಕುಂಸಿ ದಾಟಿದ್ಮೇಲೆ. ಮಾವನ ಊರು ರಿಪ್ಪನ್‌ಪೇಟೆ ಕಡೆ, ಅರಸಾಳು ತನಕ ನಡ್ಕೊಂಡು ಬಂದು ಶಿವಮೊಗ್ಗಕ್ಕೆ ಕಾಲೇಜಿಗೆ ಟ್ರೈನ್ ಹತ್ತೋರಂತೆ, ಆಗೆಲ್ಲ ಸ್ಟೀಮ್ ಎಂಜಿನ್ನು, ಮೀಟರ್ ಗೇಜ್ ಹಳಿ, ಅಂದ್ರೆ ಎರಡು ಕಂಬಿ ಮಧ್ಯ ಒಂದು ಮೀಟರ್ ಅಂತರ. ಈ ಲೈನು ತಾಳಗುಪ್ಪ ಮುಟ್ಟಿದ್ದು ಸುಮಾರು 1940ರ ಹೊತ್ತಿಗೆ, ಅಲ್ಲಿಂದ ಮುಂದೆ ಹಳಿಯೇ ಇಲ್ಲ, ಜೋಗಕ್ಕೆ ಹೋಗೋರು ಅಲ್ಲಿ ಇಳ್ದು ಬಸ್ ಹಿಡೀಬೇಕು. ಅರಸಾಳು ಅಂದ್ರೆ ಜಾಸ್ತಿ ಜನಕ್ಕೆ ಗೊತ್ತಾಗಲ್ಲ, ಆದ್ರೆ ಆ ಟೀವಿ ಸೀರಿಯಲ್ಲಿನ ಮಾಲ್ಗುಡಿ ಸ್ಟೇಷನ್ ಅಂದ್ರೆ ಎಲ್ಲರಿಗೂ ಗೊತ್ತು, ಅದನ್ನ ಶೂಟ್ ಮಾಡಿದ್ದು ಇಲ್ಲೇ, 2020ರಲ್ಲಿ ರೈಲ್ವೆಯವರು ಆ ಹಳೇ ಕಟ್ಟಡನ ರಿಪೇರಿ ಮಾಡಿ ಮಾಲ್ಗುಡಿ ಹೆಸರಲ್ಲೇ ಮ್ಯೂಸಿಯಂ ಮಾಡಿದಾರೆ. ಮನೆಗೆ ಬಂದ ನೆಂಟರು ಹಲಗೆ ನೋಡಿ "ಓ ಮಾಲ್ಗುಡಿ!" ಅಂತಿದ್ರು, ಮಾವ "ಅರಸಾಳು" ಅಂತಿದ್ರು. ಅವರು "ಅದೇ ಅದೇ, ಮಾಲ್ಗುಡಿ" ಅಂತಿದ್ರು. ಮಾವ ಮತ್ತೆ "ಅರಸಾಳು" ಅಂತಿದ್ರು, ಅದೇ ದನಿಯಲ್ಲಿ. ಇಷ್ಟು ಬಿಟ್ರೆ ಅವರು ಯಾರ ಜೊತೆಗೂ ವಾದ ಮಾಡಿದ್ದು ನಾನು ನೋಡಿಲ್ಲ.

ಈಗ ಹಳಿ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕಂದ್ರೆ ಮಾವನ್ನ ಅರ್ಥ ಮಾಡ್ಕೊಳೋಕೆ ಇದಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ. ಮಾಡೆಲ್ ಟ್ರೈನಲ್ಲಿ ಜಾಸ್ತಿ ನಡೆಯೋದು ಎಚ್‌ಓ ಅನ್ನೋ ಅಳತೆ, ನಿಜವಾದದ್ದರ 87ರಲ್ಲಿ ಒಂದು ಭಾಗ. ಅಂಗಡಿಯಲ್ಲಿ ಸಿಗೋ ಎಚ್‌ಓ ಹಳಿ 16.5 ಮಿಲಿಮೀಟರ್ ಅಗಲ, ಅದು ಯುರೋಪು ಅಮೆರಿಕದ 1435 ಮಿಲಿಮೀಟರ್ ಹಳಿಗೆ ಸರಿಹೋಗುತ್ತೆ. ನಮ್ಮ ಬ್ರಾಡ್ ಗೇಜು 1676, ಅದನ್ನ 87ರಿಂದ ಭಾಗಿಸಿದ್ರೆ 19ರ ಮೇಲೆ ಬರುತ್ತೆ. ಅಂದ್ರೆ ನಮ್ಮ ಎಂಜಿನ್ನನ್ನ ಅಳತೆಗೆ ಸರಿಯಾಗಿ ಮಾಡಿ ಅಂಗಡಿ ಹಳಿ ಮೇಲೆ ಇಟ್ರೆ, ದಪ್ಪ ಮನುಷ್ಯರನ್ನ ಅಂಗನವಾಡಿ ಕುರ್ಚಿ ಮೇಲೆ ಕೂರ್ಸಿದ ಹಾಗೆ. ಎಷ್ಟೋ ಜನ ಹಾಗೇ ಇಡ್ತಾರೆ, ಓಡ್ಸಿ ಖುಷಿ ಪಡ್ತಾರೆ, ತಪ್ಪೇನಿಲ್ಲ. ಮಾವಂಗೆ ಆಗ್ತಿರ್ಲಿಲ್ಲ. ಮೀಟರ್ ಗೇಜು ಸಾವಿರ ಮಿಲಿಮೀಟರ್, 87ರಿಂದ ಭಾಗಿಸಿದ್ರೆ 11.5, ಹತ್ತಿರದ್ದು 12 ಮಿಲಿಮೀಟರ್ ಹಳಿ, ಇದು ಸರಿಹೋಗುತ್ತೆ. ಆದ್ರೆ 12ರ ಹಳಿ ಇಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತೆ?

ಸಿಗದಿದ್ರೆ ಮಾಡ್ಬೇಕು ಅಂತ ಕೂತ್ರು. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ಹೋಗಿ ತಾಮ್ರದ ಪದರ ಇರೋ ಸರ್ಕ್ಯೂಟ್ ಬೋರ್ಡ್ ಶೀಟು ತರೋದು, ಅದನ್ನ ಸಣ್ಣ ಸಣ್ಣ ಪಟ್ಟಿ ಮಾಡಿ ಸ್ಲೀಪರ್ ಥರ, ಅಂದ್ರೆ ಹಳಿ ಕೆಳಗೆ ಅಡ್ಡಕ್ಕೆ ಹಾಕ್ತಾರಲ್ಲ ಆ ದಿಮ್ಮಿ ಥರ, ಜೋಡ್ಸೋದು, ಪ್ರತಿ ಪಟ್ಟಿ ಮಧ್ಯ ಅರದಲ್ಲಿ ತಾಮ್ರನ ಕೊರೆದು ಒಂದು ಗೆರೆ ಬಿಡೋದು, ಇಲ್ದಿದ್ರೆ ಎಡಗಡೆ ಹಳಿ ಬಲಗಡೆ ಹಳಿ ಶಾರ್ಟ್ ಆಗುತ್ತೆ, ಯಾಕಂದ್ರೆ ಎರಡೂ ಹಳಿಯಲ್ಲೇ ಕರೆಂಟು ಹೋಗೋದು, ಒಂದರಲ್ಲಿ ಪ್ಲಸ್ಸು ಒಂದರಲ್ಲಿ ಮೈನಸ್ಸು, 12 ವೋಲ್ಟ್. ಆಮೇಲೆ ಅದರ ಮೇಲೆ ರೈಲು ಕಂಬಿ ಇಟ್ಟು ಸಾಲ್ಡರಿಂಗ್. ನಿಜವಾದ ಮೀಟರ್ ಗೇಜ್ ಸ್ಲೀಪರ್ ಆರಡಿ ಉದ್ದ, 87ರಲ್ಲಿ ಒಂದು ಅಂದ್ರೆ ಎರಡು ಸೆಂಟಿಮೀಟರ್ ಚಿಲ್ಲರೆ, ಅಷ್ಟಕ್ಕೇ ಒಂದೊಂದನ್ನೂ ಕತ್ತರಿಸೋದು. ಸಂಜೆ ಬ್ಯಾಂಕಿಂದ ಬಂದು, ಮುಖ ತೊಳ್ದು, ಅತ್ತೆಗೆ ಹುರುಳಿಕಾಯಿ ಹೆಚ್ಚಿಕೊಟ್ಟು (ಅದೂ ಎಲ್ಲ ಒಂದೇ ಉದ್ದ, ಅತ್ತೆ ನಗ್ತಿದ್ರು) ಆಮೇಲೆ ಒಂದೊಂದು ಗೇಣು ಹಳಿ. ಹೀಗೆ ಎಷ್ಟು ವರ್ಷ ಮಾಡಿದ್ರೋ ಲೆಕ್ಕ ಇಲ್ಲ.

ಒಂದ್ಸಲ ಮೈದುನ ಸ್ಟುಟ್‌ಗಾರ್ಟಿಂದ ಬರುವಾಗ ಅಪ್ಪಂಗೆ ಸರ್‌ಪ್ರೈಸ್ ಅಂತ ಮರ್ಕ್ಲಿನ್ ಕಂಪನಿಯ ದೊಡ್ಡ ಸೆಟ್ಟು ತಂದ, ಆ ಕಂಪನಿ ಇರೋದು ಗೋಪಿಂಗನ್ ಅನ್ನೋ ಊರಲ್ಲಿ, ಸ್ಟುಟ್‌ಗಾರ್ಟ್ ಹತ್ರಾನೇ, 1859ರಿಂದ ಇದೆ. ತುಂಬ ದುಬಾರಿ. ಡಬ್ಬ ತೆಗ್ದಾಗ ಮಾವನ ಮುಖ ನೋಡ್ಬೇಕಿತ್ತು, ಎಂಜಿನ್ನನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ಕೆಳಗಡೆ ನೋಡಿದ್ರು, "ಚೆನ್ನಾಗಿದೆ" ಅಂದ್ರು. ಆಮೇಲೆ ನಂಗೊಬ್ಬಳಿಗೆ ಅಡುಗೆಮನೆಯಲ್ಲಿ ಹೇಳಿದ್ರು, ಇದು ನಮ್ಮ ಹಳಿ ಮೇಲೆ ಓಡಲ್ಲಮ್ಮ ಅಂತ. ಅಗಲ ಅಂತೂ ಬೇರೆ ಬಿಡಿ, ಅದರ ಕರೆಂಟೇ ಬೇರೆ ರೀತಿ, ಮರ್ಕ್ಲಿನ್‌ದು ಸ್ಲೀಪರ್‌ಗಳ ಮಧ್ಯದಲ್ಲಿ ಸಣ್ಣ ಸಣ್ಣ ಮೊಳೆ ಥರ ಇರುತ್ತೆ, ಎಂಜಿನ್ ಕೆಳಗೆ ಒಂದು ಪಟ್ಟಿ ಅದನ್ನ ಸವರ್ಕೊಂಡು ಹೋಗುತ್ತೆ, ಅಲ್ಲಿಂದ ಕರೆಂಟು ತಗೊಳುತ್ತೆ, ಎರಡೂ ಹಳಿ ಸೇರಿ ವಾಪಸ್ ದಾರಿ. ಮೈದುನಂಗೆ ಇದ್ಯಾವ್ದೂ ಗೊತ್ತಿಲ್ಲ, ಅವನಿಗೆ ಟ್ರೈನ್ ಅಂದ್ರೆ ಟ್ರೈನ್. ಮಾವ ಅವನ ಹತ್ರ ಒಂದು ಮಾತೂ ಆಡ್ಲಿಲ್ಲ. ಆ ವರ್ಷ ದಸರಾಗೆ ಗೊಂಬೆ ಕೂರ್ಸಿದಾಗ ಮೆಟ್ಟಿಲ ಸುತ್ತ ಆ ಜರ್ಮನ್ ಟ್ರೈನು ಓಡ್ತು, ಪಟ್ಟದ ಗೊಂಬೆ ಮುಂದೆ, ಶೆಟ್ಟರ ಅಂಗಡಿ ಪಕ್ಕದಲ್ಲಿ. ಬೀದಿ ಮಕ್ಕಳೆಲ್ಲ ನಮ್ಮ ಮನೇಲೇ. ಅತ್ತೆ ಪಾರ್ಕಿಗೆ ಅಂತ ಬಟ್ಟಲಲ್ಲಿ ರಾಗಿ ಪೈರು ಬೆಳ್ಸಿದ್ರು, ಚೆನ್ನಾಗಿ ಬಂದಿತ್ತು, ಹತ್ತು ಸೆಂಟಿಮೀಟರ್ ಎತ್ತರ. ಮಾವ ಅದನ್ನ ನೋಡಿ, ಈ ಅಳತೆಗೆ ಈ ರಾಗಿ 8.7 ಮೀಟರ್ ಆಗುತ್ತೆ, ಮೂರು ಅಂತಸ್ತಿನ ಮನೆಯಷ್ಟು ಅಂದ್ರು. ಅತ್ತೆ "ಒಳ್ಳೇ ಬೆಳೆ ಬಿಡಿ" ಅಂದ್ರು. ಗಂಡ ಹೆಂಡತಿ ಜೋಕ್ ಮಾಡ್ಕೊಂಡಿದ್ದು ನಾನು ಕೇಳಿದ್ದು ಕಮ್ಮಿ, ಅದಕ್ಕೇ ನೆನಪಿದೆ.

ಮುಂದಿನ ಸಲ ನಾನೇ ಮೈದುನಂಗೆ ಫೋನ್ ಮಾಡಿ ಹೇಳ್ದೆ, ಸರ್‌ಪ್ರೈಸ್ ಬೇಡ ಕಣೋ, ಅಪ್ಪನ್ನೇ ಕೇಳು ಏನು ಬೇಕು ಅಂತ. ಅವನು ಕೇಳ್ದ. ಮಾವ ಇನ್‌ಲ್ಯಾಂಡ್ ಲೆಟರಿನಷ್ಟು ಉದ್ದದ ಚೀಟಿ ಬರೆದ್ರು, ಸಾಮಾನು, ಅಳತೆ, ಪಕ್ಕದಲ್ಲಿ ಚಿತ್ರ. ಜರ್ಮನಿಯಲ್ಲಿ ಟಿಟಿ ಅಂತ ಇನ್ನೊಂದು ಅಳತೆ ಇದೆ, 120ರಲ್ಲಿ ಒಂದು, ಅದರ ಹಳಿ ಸರಿಯಾಗಿ 12 ಮಿಲಿಮೀಟರ್. ಹಾಗಾಗಿ ಟಿಟಿ ಎಂಜಿನ್ನಿನ ಕೆಳಗಿನ ಭಾಗ ಮಾತ್ರ ತಗೊಂಡು, ಅಂದ್ರೆ ಚಕ್ರ ಮೋಟರ್ ಗೇರು, ಮೇಲ್ಗಡೆ ತಮ್ಮ ರಟ್ಟಿನ ವೈಡಿಎಂ-4 ಕೂರ್ಸಿದ್ರೆ ಮೀಟರ್ ಗೇಜ್ ಡೀಸೆಲ್ ರೆಡಿ. ಆ ಎಂಜಿನ್ ಮೊದಲ್ನೇ ಸಲ ಅರಸಾಳು ಪ್ಲಾಟ್‌ಫಾರ್ಮ್ ದಾಟಿದಾಗ ವಾಟ್ಸ್ಯಾಪ್ ವೀಡಿಯೋ ಕಾಲಲ್ಲಿ ಮೈದುನನೂ ಇದ್ದ, ಅಪ್ಪ ಮಗ ಸುಮಾರು ಹೊತ್ತು ಗೇರಿನ ಬಗ್ಗೆ ಮಾತಾಡಿದ್ರು. ಇವರಿಬ್ರೂ ಫೋನಲ್ಲಿ "ಊಟ ಆಯ್ತಾ, ಚಳಿ ಇದೆಯಾ" ದಾಟಿ ಹೋಗಿದ್ದು ಅದೇ ಮೊದಲು ಅಂತ ನನ್ನ ಗಂಡ ಈಗ್ಲೂ ಹೇಳ್ತಾರೆ.

ವೈಡಿಎಂ ಅಂದ್ರೇನು ಅಂತ ನನ್ನ ಮಗಳು ಪುಟ್ಟಿ ಯುಕೆಜಿಯಲ್ಲಿ ಇರುವಾಗ್ಲೇ ಕಲ್ತಿದ್ಲು. ವೈ ಅಂದ್ರೆ ಮೀಟರ್ ಗೇಜು, ಡಿ ಡೀಸೆಲ್, ಎಂ ಅಂದ್ರೆ ಪ್ಯಾಸೆಂಜರ್ ಗೂಡ್ಸ್ ಎರಡಕ್ಕೂ ಆಗುತ್ತೆ ಅಂತ. ಬ್ರಾಡ್ ಗೇಜ್ ಆದ್ರೆ ಡಬ್ಲ್ಯೂ. ಸ್ಟೀಮಲ್ಲಿ ವೈಪಿ ಪ್ಯಾಸೆಂಜರ್‌ಗೆ, ವೈಜಿ ಗೂಡ್ಸಿಗೆ. ಎ ಬಿ ಸಿ ಡಿ ಬರೆಯೋಕೆ ಕೂತ್ರೆ ಡಬ್ಲ್ಯೂ ಮತ್ತೆ ವೈ ಮೊದ್ಲು ಬರೀತಿದ್ಲು, ಟೀಚರ್ ಕಂಪ್ಲೇಂಟು. ನಾನು ಆಗ ಕೆಲಸದ ಜೊತೆ ಕರೆಸ್ಪಾಂಡೆನ್ಸಲ್ಲಿ ಓದ್ತಿದ್ದೆ, ಪರೀಕ್ಷೆ ಟೈಮಲ್ಲಿ ಸಂಜೆ ಆದ್ರೆ ಮಾವ ಏನೂ ಹೇಳ್ದೆ ಕೇಳ್ದೆ ಪುಟ್ಟಿ ಕೈ ಹಿಡ್ಕೊಂಡು ರೂಮಿಗೆ ಹೋಗಿ ಬಾಗ್ಲು ಮುಂದಕ್ಕೆ ಹಾಕೋರು. "ನೀನು ಓದಮ್ಮ" ಅಂತ ಒಂದು ಮಾತಿಲ್ಲ, ಆಮೇಲೆ "ಪರೀಕ್ಷೆ ಹೇಗಾಯ್ತು" ಅಂತಾನೂ ಇಲ್ಲ. ಪಾಸಾದೆ ಅಂದಾಗ "ಹೂಂ".

ಒಳಗೆ ಇಬ್ಬರದೂ ಜಗಳ ಸ್ಪೀಡ್ ವಿಷಯಕ್ಕೆ. ಪುಟ್ಟಿಗೆ ಟ್ರೈನು ಜೋರಾಗಿ ಓಡ್ಬೇಕು, ಮಾವಂಗೆ ಅಳತೆ ಪ್ರಕಾರ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಈ ಹಲಗೆ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರ್ ಮಾತ್ರ, ಸ್ಟೇಷನ್ ಹತ್ರ ಬಂದ್ರೆ ಇನ್ನೂ ನಿಧಾನ. ವಾಚ್ ಹಿಡ್ಕೊಂಡು ನೋಡೋರು. ಅವಳು "ತಾತ ಬೋರು" ಅಂದ್ರೆ, "ಒಳಗೆ ಕೂತವರಿಗೆ ಹೆದರಿಕೆ ಆಗುತ್ತಲ್ಲ ಪುಟ್ಟಿ" ಅನ್ನೋರು. ಹಲ್ಲಿ ಬಂದ್ರೆ ಮಾತ್ರ ಇಬ್ಬರೂ ಒಂದು ಪಾರ್ಟಿ, ಅರಸಾಳು ಕಾಡಿಗೆ ಡೈನೋಸಾರ್ ಬಂದಂಗೆ, ಟ್ರೈನ್ ನಿಲ್ಸಿ ಹಲ್ಲಿ ದಾಟೋ ತನಕ ಕಾಯೋದು.

ಅತ್ತೆ ಕಡೆಯಿಂದಾನೂ ಹೇಳ್ಬೇಕು, ಇಲ್ದಿದ್ರೆ ಅನ್ಯಾಯ ಆಗುತ್ತೆ. ಇವರ ಜೊತೆ ಅತ್ತೆ ಹೋದ ಒಂದೊಂದು ಟ್ರಿಪ್ಪೂ ಕೊನೆಗೆ ರೈಲಿಗೇ ಮುಟ್ಟಿದ್ದು. ಮಕ್ಕಳಿಗೆ ಮೈಸೂರು ಝೂ ತೋರ್ಸ್ತೀನಿ ಅಂತ ಹೊರಟ್ರೆ ಮೊದಲು ರೈಲ್ವೆ ಮ್ಯೂಸಿಯಂ, ಅದು 1979ರಿಂದ ಇದೆ, ದೆಹಲಿದು ಬಿಟ್ರೆ ದೇಶದಲ್ಲಿ ಆ ಥರದ್ದು ಎರಡನೇದು, ಅಲ್ಲಿ 1899ರ ಮಹಾರಾಣಿ ಸಲೂನ್ ಮುಂದೆ ಮಾವ ಎಷ್ಟು ಹೊತ್ತು ನಿಂತ್ರು ಅಂದ್ರೆ ಝೂಗೆ ಹೋಗೋ ಅಷ್ಟ್ರಲ್ಲಿ ಟಿಕೆಟ್ ಕೌಂಟರ್ ಕ್ಲೋಸ್. ಶಿರಡಿಗೆ ಅಂತ ಹೊರಟಿದ್ದು, ದಾರೀಲಿ ಪುಣೆಯಲ್ಲಿ ಇಳಿದ್ರು, ಯಾಕೆ ಅಂದ್ರೆ ಅಲ್ಲಿ ಕೋಥ್ರುಡ್‌ನಲ್ಲಿ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ, ಭಾವುಸಾಹೇಬ್ ಜೋಶಿ ಅನ್ನೋರು ಕಟ್ಟಿದ್ದು, 1998ರಲ್ಲಿ ಜನಕ್ಕೆ ತೆರೆದದ್ದು. ಅತ್ತೆ ಅಲ್ಲಿ ಬೇಜಾರಲ್ಲಿ ಕೂತಿದ್ರಂತೆ, ಲೈಟ್ ಆರಿಸಿ ಆ ಪುಟ್ಟ ಊರಿನ ದೀಪ ಎಲ್ಲ ಹತ್ಸಿದಾಗ ಮಾತ್ರ "ಚೆನ್ನಾಗಿದೆ ಕಣ್ರೀ" ಅಂದ್ರಂತೆ. ಬಾಬಾ ದರ್ಶನ ಮಾರನೇ ದಿನ.

ಒಂದೇ ಒಂದು ಕಡೆ ಇಬ್ಬರಿಗೂ ಸರಿಹೋಗಿದ್ದು ಕುಕ್ಕೆ. ಅತ್ತೆಗೆ ಸುಬ್ರಹ್ಮಣ್ಯ, ಮಾವಂಗೆ ಸಕಲೇಶಪುರದ ಘಾಟಿ. 57 ಸುರಂಗ, ಸೇತುವೆ ನೂರರ ಮೇಲೆ, ಏರು ಐವತ್ತು ಮೀಟರಿಗೆ ಒಂದು ಮೀಟರ್, ಅಷ್ಟು ಏರು ರೈಲಿಗೆ ಬಹಳ ಆಯ್ತು. ನನ್ನ ಗಂಡ ಮೈದುನ ಚಿಕ್ಕವರಿದ್ದಾಗ ಮೀಟರ್ ಗೇಜ್ ಕಾಲದಲ್ಲಿ ಹೋಗ್ತಿದ್ರು, ಸುರಂಗ ಎಣಿಸೋದು, ಲೆಕ್ಕ ಯಾವಾಗ್ಲೂ ತಪ್ಪೋದು. 1996ರಲ್ಲಿ ಗೇಜ್ ಬದಲಾಯಿಸ್ತೀವಿ ಅಂತ ಆ ಲೈನ್ ನಿಲ್ಸಿದ್ರು, ಪ್ಯಾಸೆಂಜರ್ ಟ್ರೈನ್ ಮತ್ತೆ ಶುರುವಾಗಿದ್ದು 2007ರ ಡಿಸೆಂಬರಲ್ಲಿ. ಆ ಮಧ್ಯ ಅತ್ತೆ ಕುಕ್ಕೆಗೆ ಹೋಗೋಣ ಅಂದಾಗೆಲ್ಲ ಮಾವ "ಲೈನ್ ಕ್ಲೋಸ್ ಇದೆ" ಅಂತಿದ್ರಂತೆ, ಊರಿನ ಜನ ಎಲ್ಲ ಬಸ್ಸಲ್ಲಿ ಹೋಗ್ತಿದ್ರೂ. ಅತ್ತೆ ಕೊನೆಗೆ ತಂಗಿ ಜೊತೆ ಹೋಗಿ ಆಶ್ಲೇಷಾ ಬಲಿ ಮಾಡ್ಸಿ ಬಂದ್ರು.

ಇಷ್ಟೆಲ್ಲ ಇದ್ರೂ ಅವರು ಮೀಟರ್ ಗೇಜ್ ಹೋಯ್ತು ಅಂತ ಅಳೋ ಜಾತಿ ಅಲ್ಲ. ನಾನೊಂದ್ಸಲ, ಪಾಪ ಆ ಹಳೇ ಲೈನೆಲ್ಲ ಕಿತ್ತು ಹಾಕ್ಬಿಟ್ರಲ್ಲ ಮಾವ ಅಂದೆ. ಅದಕ್ಕೆ ಅವರು, ಯಾಕಮ್ಮ ಪಾಪ, ಮುಂಚೆ ಒಂದು ಗೇಜಿಂದ ಇನ್ನೊಂದು ಗೇಜಿಗೆ ಮೂಟೆನೆಲ್ಲ ಇಳ್ಸಿ ಹತ್ಸಬೇಕಿತ್ತು, ಜನಾನೂ ಹಾಗೇ, ತಾಳಗುಪ್ಪ ಲೈನಲ್ಲಿ ಕೊನೆಕೊನೆಗೆ ರೈಲ್ ಬಸ್ಸು ಅಂತ ಒಂದೇ ಡಬ್ಬಿ ಓಡ್ತಿತ್ತು, ಬ್ರಾಡ್ ಗೇಜ್ ಆಗದಿದ್ರೆ ಆ ಲೈನೇ ಮುಚ್ಚೋರು ಅಂದ್ರು. ನಿಜ, 1992ರಲ್ಲಿ ಯೂನಿಗೇಜ್ ಅಂತ, ಅಂದ್ರೆ ಲೈನೆಲ್ಲ ಒಂದೇ ಗೇಜ್ ಮಾಡೋದು ಅಂತ, ಶುರು ಮಾಡಿ ಒಂದೊಂದೇ ಲೈನ್ ಬದಲಾಯಿಸ್ಕೊಂಡು ಬಂದು, ತಾಳಗುಪ್ಪ ತನಕ ಬ್ರಾಡ್ ಗೇಜ್ ಮುಗಿದದ್ದು 2011ರ ಹೊತ್ತಿಗೆ, ಈಗ ಬೆಂಗಳೂರಲ್ಲಿ ಹತ್ತಿದ್ರೆ ಸೀದಾ ತಾಳಗುಪ್ಪ. ಮತ್ತೆ ನೀವ್ಯಾಕೆ ಹಳೇದೇ ಮಾಡ್ತೀರಿ ಅಂದೆ. "ಅದು ನಂಗೆ ಗೊತ್ತು, ಇದು ಗೊತ್ತಿಲ್ಲ" ಅಂದ್ರು.

ಈ "ಗೊತ್ತಿಲ್ಲ" ಅನ್ನೋದು ಮಾವ ಅತಿ ಹೆಚ್ಚು ಆಡಿದ ಮಾತು ಅನ್ಸುತ್ತೆ. ನೆಂಟರು ಸೈಟ್ ತಗೊಳೋಣ್ವಾ ಅಂತ ಕೇಳಿದ್ರೆ ಗೊತ್ತಿಲ್ಲ, ಹುಡುಗನ ಮನೆ ಹೇಗೆ ಅಂದ್ರೆ ಗೊತ್ತಿಲ್ಲ, ಈ ಸಲ ಯಾರು ಗೆಲ್ತಾರೆ ಅಂದ್ರೂ ಗೊತ್ತಿಲ್ಲ. ಅದಕ್ಕೇ ಹಿರಿಯರು ಅನ್ನಿಸ್ಕೊಂಡವರು ಯಾರೂ ಅವರನ್ನ ಲೆಕ್ಕಕ್ಕೆ ತಗೋತಿರ್ಲಿಲ್ಲ, ಮಾತಿಲ್ಲದ ಮನುಷ್ಯ ಅಂದಿದ್ದೂ ಇದಕ್ಕೇ. ನಮ್ಮ ಕಡೆ ಗೊತ್ತಿಲ್ದಿದ್ರೂ ಹತ್ತು ನಿಮಿಷ ಮಾತಾಡೋರನ್ನ ತಿಳಿದವರು ಅಂತೀವಿ. ಆದ್ರೆ ಮಾವ ಒಂದು ವಿಷಯ ಹೇಳಿದ್ರು ಅಂದ್ರೆ ಅದರ ಮೇಲೆ ಮನೆ ಕಟ್ಟಬಹುದಿತ್ತು. ನಮ್ಮ ಹೋಮ್ ಲೋನಿನ ಪೇಪರ್ ಎಲ್ಲ ಓದಿ ಒಂದು ಕಡೆ ಪೆನ್ಸಿಲಲ್ಲಿ ಗೆರೆ ಎಳೆದು "ಇದನ್ನ ಕೇಳಿ" ಅಂದ್ರು, ಕೇಳಿದ್ವಿ, ತಪ್ಪು ಇತ್ತು, ಲೋನ್ ಕೊಟ್ಟವರು ಸರಿ ಮಾಡಿಕೊಟ್ರು.

ಹಲಗೆ ಮೇಲೂ ಹಾಗೇ. ಸ್ಟೇಷನ್ ಹಿಂದಿನ ಮೂಲೆಯಲ್ಲಿ ಅಂಗೈಯಷ್ಟು ಜಾಗ ಖಾಲಿ ಇದೆ, ಹುಲ್ಲಿಲ್ಲ ಮಣ್ಣಿಲ್ಲ ಬರೀ ಪ್ಲೈವುಡ್, ಅದರ ಮೇಲೆ ಪೆನ್ಸಿಲಲ್ಲಿ ಒಂದು ಚೌಕ, ಒಳಗೆ "ಕ್ವಾರ್ಟರ್ಸ್ - ಗೊತ್ತಿಲ್ಲ" ಅಂತ ಬರೆದಿದೆ. ಅಲ್ಲೊಂದು ಮನೆ ಇತ್ತು, ಅಂಗಳದಲ್ಲಿ ಬಟ್ಟೆ ಒಣಗ್ಹಾಕಿರೋರು, ಇಷ್ಟು ಅವರಿಗೆ ನೆನಪು. ಬಾಗ್ಲು ಯಾವ ಕಡೆ, ಕಿಟಕಿ ಎಷ್ಟು, ನೆನಪಿಲ್ಲ. ಪುಟ್ಟಿ ಒಂದ್ಸಲ ತಾನೇ ರಟ್ಟಲ್ಲಿ ಮನೆ ಮಾಡಿ ತಂದು, ತಾತ ಇದನ್ನ ಅಂಟ್ಸಿ ಅಂದ್ಲು. ಮಾವ ಆ ಮನೆನ ತಗೊಂಡು ಚೆನ್ನಾಗಿ ನೋಡಿ, ಹಲಗೆಯ ಇನ್ನೊಂದು ಕೊನೆಯಲ್ಲಿ ಗುಡ್ಡದ ಮೇಲೆ ಅಂಟ್ಸಿ "ಇಲ್ಲಿ ಪುಟ್ಟಿ ಇರ್ತಾಳೆ" ಅಂದ್ರು. ಅಲ್ಲಿ ಯಾಕೆ ಹಾಕಲ್ಲ ಅಂತ ಅವಳು ಹಟ ಮಾಡಿದ್ಲು. "ಅಲ್ಲಿ ಬೇರೆಯವರ ಮನೆ ಇತ್ತು ಕಂದ, ಅವರ ಜಾಗದಲ್ಲಿ ನಮ್ಮನೆ ಹೇಗೆ ಹಾಕೋದು."

ಸ್ಟೀಮ್ ಎಂಜಿನ್ನೂ ಮುಗೀಲಿಲ್ಲ. ಪಿವಿಸಿ ಪೈಪಿನ ಬಾಯ್ಲರ್, ಬಾಲ್ ಪೆನ್ ರೀಫಿಲ್ಲಿನ ಪೈಪುಗಳು, ಚಕ್ರದ ಪಕ್ಕದ ರಾಡುಗಳು ಮಾತ್ರ ಬಾಕಿ. ಕಣ್ಣಿನ ಆಪರೇಷನ್ ಆದ್ಮೇಲೆ ಮಾಡ್ತೀನಿ ಅಂದಿದ್ರು, ಆಪರೇಷನ್ ಆಯ್ತು, ಆಮೇಲೆ ಕೈ ನಡುಗೋಕೆ ಶುರುವಾಯ್ತು. ಕೊನೆ ವರ್ಷ ಬರೀ ರಬ್ಬರಲ್ಲಿ ಹಳಿ ಉಜ್ಜೋದು, ಧೂಳು ಕೂತ್ರೆ ಕರೆಂಟ್ ಸಿಗಲ್ಲ ಅಂತ, ಅಷ್ಟೇ ಕೆಲಸ. ಹೋಗಿದ್ದು ಶ್ರಾವಣದಲ್ಲಿ, ಬೆಳಿಗ್ಗೆ ಕಾಫಿ ಕುಡ್ದು ಪೇಪರ್ ಓದ್ತಾ. ಆಸ್ಪತ್ರೆ ಸಹವಾಸ ಏನೂ ಇಲ್ಲ, ಅತ್ತೆ ಅದೊಂದನ್ನ ಪುಣ್ಯ ಅಂತಾರೆ.

ಈಗ ಈ ಹಲಗೆ ಏನು ಮಾಡೋದು ಅಂತ. ನೆಂಟರಲ್ಲಿ ಯಾರೋ ಹೇಳಿ ಕಳ್ಸಿದ್ರು ಅಂತ ಒಬ್ಬರು ನೋಡೋಕೆ ಬಂದಿದ್ರು, ಮರ್ಕ್ಲಿನ್ ಡಬ್ಬದ ಫೋಟೋ ಎಲ್ಲ ಕಡೆಯಿಂದ ತಗೊಂಡು ಒಳ್ಳೇ ರೇಟೇ ಹೇಳಿದ್ರು, ಹಲಗೆ ಕಡೆ ತಿರುಗಿ "ಇದನ್ನ ನೀವೇ ಡಿಸ್ಪೋಸ್ ಮಾಡ್ಬೇಕಾಗುತ್ತೆ" ಅಂದ್ರು. ಅತ್ತೆ ಅವರಿಗೆ ಕಾಫಿ ಕೊಟ್ರು, ಕೋಡುಬಳೆ ಕೊಟ್ರು, ಮರ್ಕ್ಲಿನ್ ಕೊಡ್ಲಿಲ್ಲ. ಅವರು ಹೋದ್ಮೇಲೆ ಗೆದ್ದಲಿನ ಔಷಧಿ ಹೊಡೆಯೋರಿಗೆ ಫೋನ್ ಮಾಡು ಅಂದ್ರು ನಂಗೆ. ಜೀವನವಿಡೀ ಆ ರೂಮನ್ನ ಬೈದವರು.

ಹಾಗಾಗಿ ಹಲಗೆ ಇಲ್ಲೇ ಇರುತ್ತೆ. ಪುಟ್ಟಿ ಈಗ ಹೈಸ್ಕೂಲು, ಸಾಲ್ಡರಿಂಗ್ ಕಲ್ತಿದಾಳೆ, ಎಂಜಿನ್ ರಾಡ್ ತಾನು ಮಾಡ್ತೀನಿ ಅಂತಾಳೆ, ನೋಡೋಣ. ನನ್ನ ತಲೇಲಿ ಇರೋದು ಆ ಕ್ವಾರ್ಟರ್ಸು. ಅರಸಾಳು ಕಡೆಯವರು, ಅಥವಾ ಅಪ್ಪನೋ ತಾತನೋ 1965-70ರ ಹೊತ್ತಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸಕ್ಕಿದ್ದವರು ಯಾರಾದ್ರೂ ಇದನ್ನ ಓದ್ತಿದ್ರೆ, ಮನೇಲಿ ಹಳೇ ಆಲ್ಬಂ ಇದ್ರೆ ಒಂದ್ಸಲ ನೋಡಿ. ಬಾಗ್ಲು ಯಾವ ದಿಕ್ಕಿಗೆ, ಕಿಟಕಿ ಎಷ್ಟು, ಮಾಡು ಎರಡು ಇಳಿಜಾರೋ ನಾಲ್ಕೋ, ಇಷ್ಟು ಗೊತ್ತಾದ್ರೆ ಸಾಕು. ಅಂದಾಜಲ್ಲಿ ಮಾತ್ರ ಹೇಳ್ಬೇಡಿ ದಯವಿಟ್ಟು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಈ ಮನೇಲಿ ಅದಕ್ಕೆ ಯಾರೂ ಬೇಜಾರ್ ಮಾಡ್ಕೊಳಲ್ಲ.